ಪ್ರತಿ ಬ್ಯಾಚಿನಿಂದ ಕಲಿಯುತ್ತಲೇ ಡೋಸನ್ನು ಗುರಿಗೆ ತರುವುದು ಹೇಗೆ?

'ಪ್ರಯೋಗ ಪೂರ್ತಿ ಮುಗಿಯಲಿ ಎಂದು ಕಾಯದೆ, ಬಂದ ಫಲಿತಾಂಶ ನೋಡಿಕೊಂಡು ಮುಂದಿನ ಸಲದ ಡೋಸ್ ಬದಲಿಸಬಹುದೇ? ಹಾಗೆ ಬದಲಿಸಿದರೆ ಕೊನೆಗೆ ಲೆಕ್ಕ ನಿಲ್ಲುತ್ತದೆಯೇ?' ಸಂಖ್ಯಾಶಾಸ್ತ್ರ ಓದುವವರೂ ಗುಣಮಟ್ಟ ವಿಭಾಗದಲ್ಲಿ ದುಡಿಯುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬದಲಿಸಬಹುದು. ಆದರೆ ಬದಲಿಸಿದ ಕ್ಷಣದಿಂದ ಎರಡು ಹೊಣೆ ಒಟ್ಟಿಗೆ ನಿಮ್ಮ ಹೆಗಲೇರುತ್ತವೆ: ಈ ಬ್ಯಾಚನ್ನು ಗುರಿಗೆ ಹತ್ತಿರ ತರಬೇಕು, ಮುಂದಿನ ಬ್ಯಾಚುಗಳಿಗಾಗಿ ಏನಾದರೂ ಕಲಿಯಲೂಬೇಕು. ಇವೆರಡೂ ಒಂದೇ ಡೋಸಿನಿಂದ ಆಗಬೇಕಾದಾಗ ಒಂದು ಇನ್ನೊಂದರ ಕಾಲೆಳೆಯುತ್ತದೆ. ಸೋವಿಯತ್ ವಿಜ್ಞಾನಿ ಫೆಲ್ಡ್‌ಬಾಮ್ 1960ರಲ್ಲಿ ಇದಕ್ಕೆ 'ಡ್ಯುಯಲ್ ಕಂಟ್ರೋಲ್', ಅಂದರೆ ಇಬ್ಬಗೆಯ ನಿಯಂತ್ರಣ, ಎಂದು ಹೆಸರಿಟ್ಟರು. ನಿಯಂತ್ರಣ ಸಿದ್ಧಾಂತಕ್ಕೂ (ಫಲಿತಾಂಶ ನೋಡುತ್ತ ವ್ಯವಸ್ಥೆಯನ್ನು ಗುರಿಯಲ್ಲಿ ಹಿಡಿದಿಡುವ ಶಾಸ್ತ್ರ) ಸಂಖ್ಯಾಶಾಸ್ತ್ರದ ಹೊಂದಾಣಿಕೆಯ ಪ್ರಯೋಗ ವಿನ್ಯಾಸಕ್ಕೂ ಗಂಟು ಬಿದ್ದಿರುವುದು ಇಲ್ಲೇ.

ಬರೀ ಸಿದ್ಧಾಂತ ಹೇಳಿದರೆ ಕೈಗೆ ಏನೂ ಸಿಗುವುದಿಲ್ಲ. ಆದ್ದರಿಂದ ಕಾಂಕ್ರೀಟಿನ ಒಂದು ಕೆಲಸ ಹಿಡಿದು ಹೋಗೋಣ. ಸೂಪರ್‌ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಗೊಳಿಸುವ ದ್ರವ) ಎಷ್ಟು ಹಾಕಿದರೆ ಸ್ಲಂಪ್ 100 ಮಿ.ಮೀ. ಬರುತ್ತದೆ ಎಂಬುದು ನಮ್ಮ ಪ್ರಶ್ನೆ. ಸ್ಲಂಪ್ ಎಂದರೆ ಕೋನ್‌ನಲ್ಲಿ ತುಂಬಿದ ಹಸಿ ಕಾಂಕ್ರೀಟ್, ಕೋನ್ ಎತ್ತಿದ ಮೇಲೆ ಎಷ್ಟು ಕುಸಿಯಿತು ಎಂಬ ಅಳತೆ. ಬ್ಯಾಚ್ ಕಲಸುವವರೆಗೂ ಉತ್ತರ ಗೊತ್ತಾಗುವುದಿಲ್ಲ, ಕಲಸಿದ ಮೇಲೆ ಆ ಬ್ಯಾಚಿನ ಡೋಸನ್ನು ಕಡಿಮೆ ಮಾಡಲಾಗುವುದಿಲ್ಲ. ಹೀಗಾಗಿ ಪಾಠಕ್ಕೆ ಇದು ಹೇಳಿ ಮಾಡಿಸಿದಂಥ ಉದಾಹರಣೆ. ಕೆಳಗಿನ ಸ್ಲಂಪ್ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಸಿಮೆಂಟ್, ನಿಮ್ಮ ಎಂ-ಸ್ಯಾಂಡ್‌ಗೆ ಬೇರೆ ಬರುತ್ತವೆ.

ಏನೇನು ಬೇಕು

300 ಮಿ.ಮೀ. ಎತ್ತರದ ಸ್ಲಂಪ್ ಕೋನ್, ಕುಟ್ಟಲು 16 ಮಿ.ಮೀ. ಸರಳು, ಗಡಿಯಾರ, ಪ್ಯಾನ್ ಮಿಕ್ಸರ್, ಮರಳಿನ ತೇವ ನೋಡಲು ಒಂದು ಬಾಣಲೆ ಮತ್ತು ಒಲೆ, ಒಂದು ಸ್ಪ್ರೆಡ್‌ಶೀಟ್. ಕೋನ್ ತುಂಬಲು ಸುಮಾರು 5.5 ಲೀಟರ್ ಕಾಂಕ್ರೀಟ್ ಬೇಕು. 30 ಲೀಟರಿನ ಬ್ಯಾಚ್ ಕಲಸಿದರೆ ಎರಡು ಸಲ ಅಳೆಯಲು ಧಾರಾಳ.

ತಕ್ಕಡಿಯ ವಿಷಯದಲ್ಲಿ ಎಚ್ಚರ. ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್ ಇರುವ ಮಿಶ್ರಣವಾದರೆ 30 ಲೀಟರಿಗೆ 10.5 ಕೆ.ಜಿ. ಸಿಮೆಂಟ್. ಸಿಮೆಂಟ್ ತೂಕದ ಶೇ 1ರಷ್ಟು ಡೋಸ್ ಎಂದರೆ 105 ಗ್ರಾಂ, ಶೇ 0.01 ಎಂದರೆ ಸುಮಾರು 1 ಗ್ರಾಂ. 5 ಗ್ರಾಂ ಮೆಟ್ಟಿಲಿನ ತಕ್ಕಡಿ ಇಟ್ಟುಕೊಂಡು ಶೇ 0.03ರ ಬದಲಾವಣೆ ಮಾಡುತ್ತೇನೆ ಎಂದರೆ ಮಾಡಿದ್ದೇ ಒಂದು, ಬರೆದದ್ದೇ ಇನ್ನೊಂದು ಆಗುತ್ತದೆ. 1 ಗ್ರಾಂ ತೋರಿಸುವ ತಕ್ಕಡಿಯೇ ಬೇಕು.

ಹಂತ 1: ಗುರಿ, ಮಿತಿ, ಅಳೆಯುವ ಹೊತ್ತು ಮೊದಲೇ ಬರೆದಿಡಿ

ಗುರಿ 100 ಮಿ.ಮೀ. ಡೋಸಿನ ಕೆಳಮಿತಿ, ಮೇಲ್ಮಿತಿಯನ್ನು ತಯಾರಕರ ಮಾಹಿತಿ ಹಾಳೆ ನೋಡಿ ನಿರ್ಧರಿಸಿ. ನಾವಿಲ್ಲಿ ಶೇ 0.7ರಿಂದ 1.4 ಎಂದುಕೊಳ್ಳೋಣ. ಮೇಲ್ಮಿತಿ ದಾಟಿದರೆ ಜಲ್ಲಿ ಬೇರೆ, ಗಾರೆ ಬೇರೆ ಆಗುತ್ತದೆ, ಕಾಂಕ್ರೀಟ್ ಗಟ್ಟಿಯಾಗುವುದೂ ತಡವಾಗುತ್ತದೆ. ಅಲ್ಲಿ ನಮ್ಮ ಸರಳರೇಖೆಯ ಲೆಕ್ಕವೂ ಮುರಿಯುತ್ತದೆ.

ಸ್ಲಂಪ್ ಹೊತ್ತು ಕಳೆದಂತೆ ಇಳಿಯುತ್ತದೆ. ನೀರು ತಾಗಿದ ಎಷ್ಟನೇ ನಿಮಿಷಕ್ಕೆ ಅಳೆಯುತ್ತೀರಿ ಎಂಬುದನ್ನು ಒಂದೇ ಆಗಿಡಿ. ಒಂದು ಬ್ಯಾಚನ್ನು 10ನೇ ನಿಮಿಷಕ್ಕೂ ಇನ್ನೊಂದನ್ನು 25ನೇ ನಿಮಿಷಕ್ಕೂ ಅಳೆದರೆ, ನೀವು ನೋಡುತ್ತಿರುವುದು ಡೋಸಿನ ಪರಿಣಾಮವನ್ನಲ್ಲ, ಗಡಿಯಾರದ ಪರಿಣಾಮವನ್ನು.

ಹಂತ 2: ಮೊದಲ 6 ಬ್ಯಾಚ್‌ಗಳಲ್ಲಿ ಏನನ್ನೂ ಹೊಂದಿಸಬೇಡಿ

ಅವಸರದಲ್ಲಿ ಎಲ್ಲರೂ ಬಿಡುವ ಹಂತ ಇದೇ. ಶೇ 0.8, 1.0, 1.2, ಈ ಮೂರು ಡೋಸ್‌ಗಳನ್ನು ಎರಡೆರಡು ಸಲ, ಒಟ್ಟು 6 ಬ್ಯಾಚ್, ಚೀಟಿ ಎತ್ತಿ ಬಂದ ಕ್ರಮದಲ್ಲಿ ಕಲಸಿ. ನಡುವೆ ಯಾವ ಫಲಿತಾಂಶ ಬಂದರೂ ಕ್ರಮ ಬದಲಿಸಬೇಡಿ. ಹೀಗೆ ಬಂತೆನ್ನಿ:

ಶೇ 0.8ಕ್ಕೆ 60, 70 ಮಿ.ಮೀ.
ಶೇ 1.0ಕ್ಕೆ 85, 100 ಮಿ.ಮೀ.
ಶೇ 1.2ಕ್ಕೆ 110, 115 ಮಿ.ಮೀ.

ಸರಾಸರಿ 90. ಲೀಸ್ಟ್ ಸ್ಕ್ವೇರ್ಸ್ ಪ್ರಕಾರ (ಚುಕ್ಕಿಗಳಿಂದ ರೇಖೆಗಿರುವ ಅಂತರಗಳ ವರ್ಗಗಳ ಮೊತ್ತ ಕನಿಷ್ಠವಾಗುವಂತೆ ರೇಖೆ ಎಳೆಯುವ ವಿಧಾನ) ಇಳಿಜಾರು ಹೀಗೆ ಸಿಗುತ್ತದೆ. 1.0ರಿಂದ ಡೋಸುಗಳಿಗಿರುವ ದೂರಗಳ ವರ್ಗಗಳನ್ನು ಕೂಡಿ: ನಾಲ್ಕು ಬ್ಯಾಚ್ × 0.04 = 0.16. ದೂರ ಮತ್ತು ಸ್ಲಂಪ್‌ಗಳ ಗುಣಲಬ್ಧ ಕೂಡಿ: 0.2 × (225 − 130) = 19. ಭಾಗಿಸಿದರೆ 118.75. ಅಂದರೆ ಡೋಸ್ ಶೇ 0.1 ಏರಿದರೆ ಸ್ಲಂಪ್ ಸುಮಾರು 12 ಮಿ.ಮೀ. ಏರುತ್ತದೆ. ರೇಖೆಯಿಂದ ಚುಕ್ಕಿಗಳು ಚದುರಿರುವ ಪ್ರಮಾಣಿತ ವಿಚಲನೆ ಸುಮಾರು 7 ಮಿ.ಮೀ. ಇಳಿಜಾರಿನ ಪ್ರಮಾಣಿತ ದೋಷ (ಅಂದಾಜು ನಿಜದಿಂದ ಎಷ್ಟು ಆಚೀಚೆ ಇರಬಹುದು ಎಂಬ ಅಳತೆ) 7 ÷ 0.4, ಸುಮಾರು 17.5. ಇಲ್ಲಿ 0.4 ಎಂದರೆ 0.16ರ ವರ್ಗಮೂಲ.

ಆ 0.16 ಎಂಬ ಅಂಕಿಯನ್ನು ಗುರುತು ಹಾಕಿಟ್ಟುಕೊಳ್ಳಿ. ಇಳಿಜಾರಿನ ಬಗ್ಗೆ ನಿಮಗಿರುವ ತಿಳಿವಳಿಕೆಯ ಗಂಟು ಅದು. ಕೊನೆಯವರೆಗೂ ಅದರ ಮಾತು ಬರುತ್ತದೆ.

ಮುಂದಿನ ಡೋಸ್: 1.0 + (100 − 90) ÷ 118.75 = ಸುಮಾರು ಶೇ 1.08.

ಹಂತ 3: ಫೀಡ್‌ಬ್ಯಾಕ್ ನಿಯಮ ಬರೆಯಿರಿ, ಗೇನ್ ಆರಿಸಿ

ನಿಯಮ ಒಂದೇ ಸಾಲು:

ಹೊಸ ಡೋಸ್ = ಹಿಂದಿನ ಡೋಸ್ − (ಗೇನ್ ÷ ಇಳಿಜಾರು) × (ಬಂದ ಸ್ಲಂಪ್ − 100)

ಗೇನ್ ಎಂದರೆ ಕಂಡ ತಪ್ಪಿನಲ್ಲಿ ಎಷ್ಟು ಪಾಲನ್ನು ಈಗಲೇ ತಿದ್ದುತ್ತೀರಿ ಎಂಬ ಸಂಖ್ಯೆ. 1 ಎಂದರೆ ಪೂರ್ತಿ, 0.2 ಎಂದರೆ ಐದನೇ ಒಂದು ಪಾಲು.

ಪೂರ್ತಿ ತಿದ್ದುವುದೇ ನ್ಯಾಯ ಅನ್ನಿಸುತ್ತದೆ. 112 ಬಂತು, 12 ಹೆಚ್ಚು, ಶೇ 0.1 ಇಳಿಸು. ಆದರೆ ಆ 12ರಲ್ಲಿ ಬಹುಪಾಲು ಕೋನ್ ಎತ್ತಿದ ರೀತಿಯದೋ ಮಾದರಿ ತೆಗೆದ ಜಾಗದ್ದೋ ಆಗಿರಬಹುದು. ಡೋಸಿಗೆ ಸಂಬಂಧವಿಲ್ಲದ ಈ ಏರುಪೇರನ್ನು, ಅಂದರೆ ಗದ್ದಲವನ್ನು, ನೀವು ಮುಂದಿನ ಬ್ಯಾಚಿಗೆ ಕೈಯಾರೆ ತುಂಬುತ್ತೀರಿ. ಲೆಕ್ಕ ಹೀಗಿದೆ: ಗದ್ದಲ ಬ್ಯಾಚಿಂದ ಬ್ಯಾಚಿಗೆ ಸ್ವತಂತ್ರವಾಗಿದ್ದರೆ, ಒಟ್ಟು ವೇರಿಯನ್ಸ್ (ವಿಚಲನೆಯ ವರ್ಗ) ಮೂಲದ 1 + ಗೇನ್ ÷ (2 − ಗೇನ್) ಪಟ್ಟು. ಗೇನ್ 1 ಆದರೆ ಸರಿಯಾಗಿ 2 ಪಟ್ಟು, 7 ಮಿ.ಮೀ. ಇದ್ದ ವಿಚಲನೆ 9.9 ಆಗುತ್ತದೆ. ಗೇನ್ 0.2 ಆದರೆ 1.11 ಪಟ್ಟು, ವಿಚಲನೆ 7.4 ಮಾತ್ರ. ಗುಣಮಟ್ಟ ತಜ್ಞ ಡೆಮಿಂಗ್ ತಮ್ಮ ಫನೆಲ್ (ಆಲಿಕೆ) ಪ್ರಯೋಗದಲ್ಲಿ ಗೋಲಿ ಬೀಳಿಸಿ ತೋರಿಸುತ್ತಿದ್ದುದು ಇದನ್ನೇ: ಪ್ರತಿ ತಪ್ಪಿಗೂ ಪೂರ್ತಿ ತಿದ್ದಿದರೆ ಚದುರುವಿಕೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಗೇನ್ 2 ಮುಟ್ಟಿದರೆ ವ್ಯವಸ್ಥೆ ಕೈತಪ್ಪುತ್ತದೆ, ತಿದ್ದುಪಡಿ ಒಮ್ಮೆ ಆಚೆ ಒಮ್ಮೆ ಈಚೆ ದೊಡ್ಡದಾಗುತ್ತಲೇ ಹೋಗುತ್ತದೆ. ಇನ್ನು ಫಲಿತಾಂಶ ಬರುವಷ್ಟರಲ್ಲಿ ಮುಂದಿನ ಬ್ಯಾಚಿಗೆ ಆಗಲೇ ಡೋಸ್ ಬಿದ್ದಿದ್ದರೆ, ಅಂದರೆ ಒಂದು ಬ್ಯಾಚಿನ ವಿಳಂಬ ಇದ್ದರೆ, ಆ ಮಿತಿ 2ರಿಂದ 1ಕ್ಕೆ ಇಳಿಯುತ್ತದೆ. ನಿಜವಾದ ಇಳಿಜಾರು ನೀವು ಅಂದುಕೊಂಡದ್ದರ ದುಪ್ಪಟ್ಟಿದ್ದರೆ, ಕಾಗದದ ಮೇಲಿನ 0.5 ನಿಜದಲ್ಲಿ 1. ವಿಳಂಬ ಮತ್ತು ತಪ್ಪು ಇಳಿಜಾರು ಎರಡೂ ಸೇರಿಕೊಳ್ಳುವುದು ಪ್ಲಾಂಟುಗಳಲ್ಲಿ ಅಪರೂಪವೇನಲ್ಲ. ಹಾಗಾಗಿ 0.2ರಿಂದ 0.3ರ ಗೇನ್‌ನಿಂದ ಆರಂಭಿಸಿ.

ಡೋಸನ್ನು ಮಿತಿಯೊಳಗೆ ಕತ್ತರಿಸಿದ ಮೇಲೆ, ಕತ್ತರಿಸಿದ ಅಂಕಿಯನ್ನೇ 'ಹಿಂದಿನ ಡೋಸ್' ಎಂದು ಇಟ್ಟುಕೊಳ್ಳಿ. ಕತ್ತರಿಸುವ ಮೊದಲಿನ ಅಂಕಿ ಇಟ್ಟುಕೊಂಡರೆ ತಪ್ಪು ಒಳಗೊಳಗೇ ಪೇರಿಸಿಕೊಂಡು, ಆಮೇಲೆ ಇಳಿಸಬೇಕಾದಾಗ ಡೋಸ್ ಬಹಳ ಹೊತ್ತು ಮೇಲೇ ಅಂಟಿಕೊಂಡಿರುತ್ತದೆ. ನಿಯಂತ್ರಣದವರು ಇದನ್ನು 'ವೈಂಡಪ್' ಎನ್ನುತ್ತಾರೆ.

ಹಂತ 4: ಗೇನ್ ಸ್ಥಿರವಾಗಿರಲೋ, ಇಳಿಯುತ್ತ ಹೋಗಲೋ?

ಸಾಮಾನು ಬದಲಾಗದೆ ನಿಂತಿದೆ, ಒಂದು ಸರಿಯಾದ ಡೋಸ್ ಇದೆ, ಅದನ್ನು ಹುಡುಕಿ ನಿಲ್ಲಬೇಕು ಎಂದಾದರೆ ಗೇನ್ ಇಳಿಸುತ್ತ ಹೋಗಿ: 7ನೇ ಬ್ಯಾಚಿಗೆ 1/7, 8ಕ್ಕೆ 1/8, ಹೀಗೆ. ಇದು 1951ರಲ್ಲಿ ರಾಬಿನ್ಸ್ ಮತ್ತು ಮನ್ರೋ ಕೊಟ್ಟ ವಿಧಾನ. 1ರ ಬದಲು 7ರಿಂದ ಏಕೆ ಎಂದರೆ, ಮೊದಲ ಆರು ಬ್ಯಾಚ್‌ಗಳ ತಿಳಿವಳಿಕೆ ಆಗಲೇ ಕೈಯಲ್ಲಿದೆ.

ಇಲ್ಲೊಂದು ಸೂಕ್ಷ್ಮ. ಇಳಿಯುವ ಗೇನ್‌ನಲ್ಲಿ ಇಳಿಜಾರನ್ನು ಅಂದಾಜಿಸುವಾಗ ಯಾವ ಕಡೆಗೆ ತಪ್ಪಿದಿರಿ ಎಂಬುದು ಮುಖ್ಯ. ನಿಜದ ಅರ್ಧದಷ್ಟು ಎಂದುಕೊಂಡರೆ ಕೊನೆಯ ಅಂದಾಜಿನ ವೇರಿಯನ್ಸ್ ಮೂರನೇ ಒಂದು ಭಾಗ ಹೆಚ್ಚುತ್ತದೆ, ಅಷ್ಟೇ. ನಿಜದ ದುಪ್ಪಟ್ಟು ಅಥವಾ ಇನ್ನೂ ಹೆಚ್ಚು ಎಂದುಕೊಂಡರೆ ಹೆಜ್ಜೆಗಳು ತೀರಾ ಚಿಕ್ಕವಾಗಿ, ಎಷ್ಟು ಬ್ಯಾಚ್ ಕಲಸಿದರೂ ಗುರಿಯತ್ತ ತೆವಳುತ್ತಲೇ ಇರುತ್ತೀರಿ. ಸಂದೇಹವಿದ್ದರೆ ಇಳಿಜಾರು ಚಿಕ್ಕದೆಂದೇ ಹಿಡಿಯಿರಿ. ಸ್ಥಿರ ಗೇನ್‌ಗೆ ಈ ಸಲಹೆ ತಿರುಗುಮುರುಗು ಎಂಬುದು ನೆನಪಿರಲಿ. ಅಲ್ಲಿ ಚಿಕ್ಕ ಇಳಿಜಾರು ಎಂದರೆ ದೊಡ್ಡ ಗೇನ್, ದೊಡ್ಡ ಗೇನ್ ಎಂದರೆ ಅಪಾಯ.

ಚೆನ್ನಾಗಿ ನಡೆದರೆ ಲಾಭ ಎಷ್ಟು? ಟಿ.ಎಲ್. ಲೈ ಮತ್ತು ರಾಬಿನ್ಸ್ 1979ರಲ್ಲಿ ತೋರಿಸಿದಂತೆ, ಗುರಿಯಿಂದ ತಪ್ಪಿದ ವರ್ಗಗಳ ಒಟ್ಟು ಮೊತ್ತ ಬ್ಯಾಚ್ ಸಂಖ್ಯೆಯ ನ್ಯಾಚುರಲ್ ಲಾಗರಿದಮ್‌ನಷ್ಟು (100ಕ್ಕೆ ಅದು ಸುಮಾರು 4.6) ನಿಧಾನವಾಗಿ ಮಾತ್ರ ಬೆಳೆಯುತ್ತದೆ. ನಮ್ಮ 7 ಮಿ.ಮೀ. ವಿಚಲನೆಗೆ 100 ಬ್ಯಾಚಿನಲ್ಲಿ ಅದು ಸುಮಾರು 49 × 4.6 = 225. ಸ್ಥಿರ ಗೇನ್ 0.2 ಇಟ್ಟಿದ್ದರೆ ಬ್ಯಾಚಿಗೆ 5.4ರಂತೆ ಸುಮಾರು 540.

ಆದರೆ ಸಾಮಾನು ನಿಂತಲ್ಲಿ ನಿಲ್ಲುವುದಿಲ್ಲ. ಘನ ಮೀಟರಿಗೆ 700 ಕೆ.ಜಿ. ಎಂ-ಸ್ಯಾಂಡ್ ಹೋಗುತ್ತಿದ್ದರೆ, ಅದರ ತೇವದಲ್ಲಿ ಶೇ 1ರ ತಪ್ಪು 7 ಕೆ.ಜಿ. ನೀರಿಗೆ ಸಮ. ಒಂದು ಮಳೆ ಸಾಕು, ಸರಿಯಾದ ಡೋಸೇ ಬೇರೆಯಾಗುತ್ತದೆ. ಆಗ 100ನೇ ಬ್ಯಾಚಿನಲ್ಲಿ 1/100 ಗೇನ್ ಇಟ್ಟುಕೊಂಡು ಕುಳಿತರೆ ಉಪಯೋಗವಿಲ್ಲ. ದಿನನಿತ್ಯದ ಉತ್ಪಾದನೆಗೆ ಸ್ಥಿರ ಗೇನ್ ಬೇಕು, ಎಷ್ಟು ಎಂಬುದನ್ನು ಕಾಲ್ಮನ್ ಫಿಲ್ಟರ್ ಹೇಳುತ್ತದೆ (ಬದಲಾಗುತ್ತಿರುವ ಸ್ಥಿತಿಯನ್ನು ಗದ್ದಲದ ಅಳತೆಗಳಿಂದ ಅಂದಾಜಿಸುವ ಸೂತ್ರ, 1960). ಸ್ಲಂಪಿನ ಮಟ್ಟ (ಅದೇ ಡೋಸಿಗೆ ಬರುವ ಸರಾಸರಿ ಸ್ಲಂಪ್) ಬ್ಯಾಚಿಂದ ಬ್ಯಾಚಿಗೆ 2 ಮಿ.ಮೀ. ವಿಚಲನೆಯಷ್ಟು ಸರಿಯುತ್ತಿದೆ, ಅಳತೆಯ ಗದ್ದಲ 7 ಎಂದಾದರೆ ವೇರಿಯನ್ಸ್‌ಗಳ ಅನುಪಾತ 4/49. ಅದಕ್ಕೆ ಸರಿಹೊಂದುವ ಗೇನ್ 0.25. ಸರಿಯುವಿಕೆ ಹೆಚ್ಚಾದಷ್ಟೂ ಗೇನ್ ಹೆಚ್ಚು, ಅಳತೆ ಒರಟಾದಷ್ಟೂ ಕಡಿಮೆ.

ಹಂತ 5: ಬೇಕೆಂದೇ ಅಲುಗಾಡಿಸಿ

ಇಲ್ಲಿಗೆ ಬರುವಷ್ಟರಲ್ಲಿ ಡೋಸ್ ಶೇ 1.08ರ ಆಸುಪಾಸಿನಲ್ಲಿ ನೆಲೆಯಾಗಿರುತ್ತದೆ. ಎಲ್ಲರಿಗೂ ಸಮಾಧಾನ. ಕಲಿಕೆ ನಿಂತುಹೋಗುವುದೂ ಆಗಲೇ. ಡೋಸ್ ಅಲುಗದಿದ್ದರೆ ಆ 0.16ರ ಗಂಟು ಬೆಳೆಯುವುದಿಲ್ಲ. 200 ಬ್ಯಾಚ್ ಕಲಸಿದರೂ ಇಳಿಜಾರಿನ ಬಗ್ಗೆ ನಿಮಗೆ ಗೊತ್ತಿರುವುದು ಮೊದಲ ಆರು ಬ್ಯಾಚ್ ಕಲಿಸಿದ್ದಷ್ಟೇ. ಪ್ರತಿ ಸಲ ಹೊಸ ಅಂದಾಜನ್ನೇ ನಿಜವೆಂದು ನಂಬಿ ಡೋಸ್ ಹಾಕುತ್ತ ಹೋಗುವ ನಿಯಮ, ಕೆಲವೊಮ್ಮೆ ತಪ್ಪು ಜಾಗದಲ್ಲೇ ಶಾಶ್ವತವಾಗಿ ಕುಳಿತುಬಿಡಬಹುದು ಎಂದು ಲೈ ಮತ್ತು ರಾಬಿನ್ಸ್ 1982ರಲ್ಲಿ ತೋರಿಸಿದರು. ಆದ್ದರಿಂದಲೇ ನಿಯಂತ್ರಣ ಸಿದ್ಧಾಂತದಲ್ಲಿ 'ಪರ್ಸಿಸ್ಟೆಂಟ್ ಎಕ್ಸೈಟೇಷನ್', ಬಿಡದೆ ಅಲುಗಾಡಿಸುವುದು, ಎಂಬ ಷರತ್ತು ಇದೆ. ಪ್ರಯೋಗ ವಿನ್ಯಾಸದ ಕಡೆಯಿಂದ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಬಾಕ್ಸ್ 1957ರಲ್ಲಿ, ನಡೆಯುತ್ತಿರುವ ಕಾರ್ಖಾನೆಯಲ್ಲೇ ಸಣ್ಣ ಸಣ್ಣ ಬದಲಾವಣೆ ಮಾಡುತ್ತ ಕಲಿಯುವ 'ಎವಲ್ಯೂಷನರಿ ಆಪರೇಷನ್' ಅನ್ನು ಇದೇ ಆಶಯದಿಂದ ಮುಂದಿಟ್ಟರು.

ಎಷ್ಟು ಅಲುಗಾಡಿಸಬೇಕು? ಪ್ರತಿ ಬ್ಯಾಚಿನಲ್ಲಿ ಶೇ ±0.03 ಎಂದುಕೊಳ್ಳಿ. ಸ್ಲಂಪ್ 3.6 ಮಿ.ಮೀ. ಅಷ್ಟೇ ಸರಿಯುತ್ತದೆ, ಯಾರಿಗೂ ಗೊತ್ತಾಗದು. ಆದರೆ ಒಂದು ಬ್ಯಾಚಿನಿಂದ ಗಂಟಿಗೆ ಸೇರುವುದು 0.0009. ಮೊದಲ ಆರು ಬ್ಯಾಚಿನಷ್ಟು ಕಲಿಯಲು 178 ಬ್ಯಾಚ್ ಬೇಕು! ಶೇ ±0.1 ಅಲುಗಾಡಿಸಿದರೆ 16 ಬ್ಯಾಚ್ ಸಾಕು, ಆದರೆ ಸ್ಲಂಪ್ 12 ಮಿ.ಮೀ. ಸರಿಯುತ್ತದೆ. ಗುರಿ ತಪ್ಪಿದ ವರ್ಗಗಳ ಮೊತ್ತ ಹಾಕಿ ನೋಡಿ, ಎರಡೂ ಕಡೆ ಸುಮಾರು 2,260. ಕಲಿಕೆಗೆ ತೆರುವ ಬೆಲೆ ಒಂದೇ. ಬದಲಾಗುವುದು ಯಾವಾಗ ತೆರುತ್ತೀರಿ ಎಂಬುದು ಮಾತ್ರ. ಬೇಗ ಕಲಿತದ್ದು ಮುಂದಿನ ಎಲ್ಲ ಬ್ಯಾಚಿಗೂ ಉಪಕಾರಿ. ಹಾಗಾಗಿ ನನ್ನ ಖಚಿತ ಅಭಿಪ್ರಾಯ: ಸೈಟಿಗೆ ಹೋಗದ ಟ್ರಯಲ್ ಬ್ಯಾಚ್‌ಗಳಲ್ಲಿ ಅಗಲವಾಗಿ ಅಲುಗಾಡಿಸಿ ಮುಗಿಸಿಬಿಡಿ. ಉತ್ಪಾದನೆಯಲ್ಲಿ 20 ಬ್ಯಾಚಿಗೊಂದು ಜೋಡಿ ಸಾಕು, ಅದೂ ಟಾಲರೆನ್ಸ್ (ಗುರಿಯಿಂದ ಒಪ್ಪಬಹುದಾದ ಅಂತರ) ಒಳಗೆ.

ಜೋಡಿ ಮಾಡುವ ಕ್ರಮ: ಮೂಲ ಡೋಸನ್ನು ಎರಡು ಬ್ಯಾಚಿಗೆ ಅಲುಗದಂತೆ ಕಟ್ಟಿಡಿ. ನಾಣ್ಯ ಚಿಮ್ಮಿ, ಯಾವುದಕ್ಕೆ +0.1, ಯಾವುದಕ್ಕೆ −0.1 ಎಂದು ನಿರ್ಧರಿಸಿ. ಆ ಎರಡು ಫಲಿತಾಂಶಗಳನ್ನು ಫೀಡ್‌ಬ್ಯಾಕ್ ನಿಯಮಕ್ಕೆ ಕೊಡುವ ಮೊದಲು, ನೀವೇ ತಂದ 12 ಮಿ.ಮೀ. ಅನ್ನು ಕಳೆದುಬಿಡಿ ಅಥವಾ ಕೂಡಿಬಿಡಿ. ಇದನ್ನು ಮರೆತರೆ ನಿಯಂತ್ರಕವು ನಿಮ್ಮ ಅಲುಗಾಟವನ್ನೇ ತಪ್ಪೆಂದು ತಿಳಿದು ಅಳಿಸಲು ಹೊರಡುತ್ತದೆ.

ಹಂತ 6: ಇಳಿಜಾರನ್ನು ಜೋಡಿಗಳಿಂದ ಮಾತ್ರ ಲೆಕ್ಕ ಹಾಕಿ

ತಿಂಗಳ ದಾಖಲೆ ತೆಗೆದು ಡೋಸ್ ಒಂದು ಕಡೆ, ಸ್ಲಂಪ್ ಇನ್ನೊಂದು ಕಡೆ ಇಟ್ಟು ರಿಗ್ರೆಷನ್ (ಹಂತ 2ರಲ್ಲಿ ಮಾಡಿದಂತೆ ರೇಖೆ ಎಳೆಯುವ ಲೆಕ್ಕ) ಓಡಿಸುವುದು ಅತಿ ದೊಡ್ಡ ಬಲೆ. ಬೆಳಿಗ್ಗೆ ಮರಳು ಒಣಗಿತ್ತು, ಡೋಸ್ 1.08, ಸ್ಲಂಪ್ 100. ಮಧ್ಯಾಹ್ನ ಮಳೆ ಬಂತು, ಮರಳಲ್ಲಿ ನೀರು ಹೆಚ್ಚಿತು, ನಿಯಮ ಡೋಸನ್ನು 0.95ಕ್ಕೆ ಇಳಿಸಿತು, ಸ್ಲಂಪ್ ಮತ್ತೆ 100. ಪುಸ್ತಕದಲ್ಲಿ ಉಳಿದದ್ದು: ಡೋಸ್ 1.08ಕ್ಕೆ 100, ಡೋಸ್ 0.95ಕ್ಕೂ 100. ರಿಗ್ರೆಷನ್ 'ಈ ದ್ರವದಿಂದ ಏನೂ ಆಗುವುದಿಲ್ಲ' ಎನ್ನುತ್ತದೆ. ನಿಯಂತ್ರಣ ಚೆನ್ನಾಗಿ ನಡೆದಷ್ಟೂ ಸಂಬಂಧ ಅಡಗಿಹೋಗುತ್ತದೆ.

ನಾಣ್ಯಕ್ಕೆ ಮಳೆಯ ಸುದ್ದಿ ಗೊತ್ತಿಲ್ಲ. ಹೀಗಾಗಿ + ಬ್ಯಾಚ್ ಮತ್ತು − ಬ್ಯಾಚ್‌ಗಳ ವ್ಯತ್ಯಾಸಕ್ಕೆ ಈ ಕಲಬೆರಕೆ ತಗುಲುವುದಿಲ್ಲ. ಪ್ರತಿ ಜೋಡಿಯ ವ್ಯತ್ಯಾಸವನ್ನು 0.2ರಿಂದ ಭಾಗಿಸಿ, ಸರಾಸರಿ ತೆಗೆಯಿರಿ. ಒಂದು ಜೋಡಿಯ ವ್ಯತ್ಯಾಸದಲ್ಲಿ ಗದ್ದಲ 9.9 ಮಿ.ಮೀ.; 8 ಜೋಡಿಗೆ ಇಳಿಜಾರಿನ ಪ್ರಮಾಣಿತ ದೋಷ 17.5. ಮೊದಲ ಆರು ಬ್ಯಾಚಿನ ಅಂಕಿಯೇ ಮರಳಿ ಬಂತಲ್ಲ, ಲೆಕ್ಕ ಸರಿಯಾಗಿದೆ ಎಂದರ್ಥ.

ಇದಕ್ಕಿಂತ ಕೆಟ್ಟದ್ದು ಬರೆಯದೆ ಉಳಿಯುವ ಎರಡನೆಯ ಫೀಡ್‌ಬ್ಯಾಕ್. ಕಾಂಕ್ರೀಟ್ ಬಿಗಿಯಾಗಿ ಕಂಡ ಕೂಡಲೇ ಮಿಕ್ಸರ್ ಹತ್ತಿರ ನಿಂತವರು ಪೈಪ್ ತಿರುಗಿಸಿ ನೀರು ಬಿಡುತ್ತಾರೆ. ಆಮೇಲೆ ಸ್ಲಂಪ್ ಸರಿ, ಬಲ ಕಡಿಮೆ, ದಾಖಲೆ ಸುಳ್ಳು. ನೀರಿನ ಪೈಪಿಗೆ ಮೀಟರ್ ಹಾಕಿ, ಹೆಚ್ಚುವರಿ ನೀರು ಸೇರಿದ ಬ್ಯಾಚನ್ನು ಗುರುತಿಸಿ, ನಿಯಮದ ಲೆಕ್ಕದಿಂದ ಹೊರಗಿಡಿ. ಅವರನ್ನು ಗದರಿಸಿದರೆ ಮುಂದಿನ ಸಲ ಹೇಳುವುದೇ ಇಲ್ಲ. ಬರೆದರೆ ತಪ್ಪಿಲ್ಲ ಎಂಬ ಭರವಸೆ ಕೊಡಿ.

ಹಂತ 7: ಹಳೆಯದನ್ನು ಮರೆಸುವಾಗ ಎಚ್ಚರ

ಸಾಮಾನು ಬದಲಾಗುತ್ತದಲ್ಲ ಎಂದು ಲೆಕ್ಕದಲ್ಲಿ ಹಳೆಯ ಬ್ಯಾಚ್‌ಗಳಿಗೆ ಕೊಡುವ ಮಹತ್ವವನ್ನು ಪ್ರತಿ ಸಲ 0.95ರಿಂದ ಗುಣಿಸುತ್ತ ಕಡಿಮೆ ಮಾಡುವುದು ರೂಢಿ. ಇದಕ್ಕೆ 'ಫರ್ಗೆಟಿಂಗ್ ಫ್ಯಾಕ್ಟರ್' ಎನ್ನುತ್ತಾರೆ, 0.95 ಎಂದರೆ ಸುಮಾರು 20 ಬ್ಯಾಚಿನ ನೆನಪು. ಡೋಸ್ ಅಲುಗದೆ 50 ಬ್ಯಾಚ್ ಕಳೆದರೆ 0.16ರ ಗಂಟು ಕರಗಿ ಹದಿಮೂರನೇ ಒಂದು ಭಾಗಕ್ಕೆ ಬರುತ್ತದೆ. ಆಗ ಒಂದೇ ಒಂದು ಕೆಟ್ಟ ಅಳತೆ ಇಳಿಜಾರಿನ ಅಂದಾಜನ್ನು ಎತ್ತಲೋ ಎಸೆಯುತ್ತದೆ, ಡೋಸ್ ಹುಚ್ಚಾಪಟ್ಟೆ ಕುಣಿಯುತ್ತದೆ. ವಾರಗಟ್ಟಲೆ ಶಾಂತವಾಗಿದ್ದ ವ್ಯವಸ್ಥೆ ಕಾರಣವಿಲ್ಲದೆ ಕೆರಳಿದಂತೆ ಕಾಣುವುದು ಹೀಗೆ.

ಪರಿಹಾರ ಸರಳ: ಮಟ್ಟವನ್ನು ಮಾತ್ರ ಮರೆಸಿ, ಇಳಿಜಾರನ್ನು ಮರೆಸಬೇಡಿ. ಮರಳಿನ ತೇವ ಗಂಟೆಗಂಟೆಗೂ ಬದಲಾಗುತ್ತದೆ. ದ್ರವಕ್ಕೆ ಸಿಮೆಂಟ್ ಸ್ಪಂದಿಸುವ ರೀತಿ ಬಹುಮಟ್ಟಿಗೆ ಸಿಮೆಂಟಿನ ಹೊಸ ಲೋಡ್ ಬಂದಾಗ, ಬ್ರಾಂಡ್ ಬದಲಾದಾಗ ಬದಲಾಗುತ್ತದೆ.

ಹಂತ 8: ಯಾವಾಗ ನಿಲ್ಲಿಸಬೇಕು, ಏನನ್ನು ಹೇಳಬೇಕು

ಎಷ್ಟು ಬ್ಯಾಚಿಗೆ ನಿಲ್ಲಿಸುತ್ತೀರಿ ಎಂಬುದನ್ನು ಆರಂಭದಲ್ಲೇ ಬರೆದಿಡಿ. 'ಚೆನ್ನಾಗಿ ಬಂತು, ಇಲ್ಲಿಗೆ ಸಾಕು' ಎಂದು ನಿಲ್ಲಿಸಿದರೆ ಸಾಮಾನ್ಯ ಸೂತ್ರದ ವಿಶ್ವಾಸಾಂತರ (ನಿಜವಾದ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ವ್ಯಾಪ್ತಿ) ನಂಬಲರ್ಹವಲ್ಲ. ಶೇ 5ರ ಪರೀಕ್ಷೆಯನ್ನು ಸಮಾನ ಅಂತರದಲ್ಲಿ 5 ಸಲ ಇಣುಕಿ ನೋಡಿದರೆ, ಇಲ್ಲದ ವ್ಯತ್ಯಾಸ ಇದೆ ಎನ್ನುವ ಸಂಭವ ಸುಮಾರು ಶೇ 14ಕ್ಕೆ ಏರುತ್ತದೆ.

ಗುರಿಗೆ ತರುವ ಬದಲು ಎರಡು ಸಾಮಾನುಗಳಲ್ಲಿ ಯಾವುದು ಮೇಲು ಎಂದು ಹೋಲಿಸುವ ಪ್ರಯೋಗವಾದರೆ, ಗೆಲ್ಲುತ್ತಿರುವ ಕಡೆಗೇ ಎಲ್ಲ ಬ್ಯಾಚನ್ನೂ ಹರಿಸಬೇಡಿ. 1985ರಲ್ಲಿ ಪ್ರಕಟವಾದ ಮಿಷಿಗನ್‌ನ ಎಕ್ಮೋ ಅಧ್ಯಯನದಲ್ಲಿ (ಹೃದಯ-ಶ್ವಾಸಕೋಶದ ಕೆಲಸವನ್ನು ಯಂತ್ರ ಮಾಡುವ ಚಿಕಿತ್ಸೆ) ಗೆದ್ದ ಕಡೆಗೆ ವಾಲುವ ಚೀಟಿಯ ನಿಯಮ ಬಳಸಿದ್ದರು. 12 ಶಿಶುಗಳಲ್ಲಿ 11ಕ್ಕೆ ಎಕ್ಮೋ ಸಿಕ್ಕಿತು, ಎಲ್ಲವೂ ಬದುಕಿದವು; ಹಳೆಯ ಚಿಕಿತ್ಸೆಗೆ ಬಂದದ್ದು ಒಂದೇ ಶಿಶು, ಅದು ಉಳಿಯಲಿಲ್ಲ. ಒಂದು ಶಿಶುವಿನ ಎದುರು ಹೋಲಿಕೆ ನಿಲ್ಲುತ್ತದೆಯೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕಾಂಕ್ರೀಟಿನಲ್ಲಿ ಅಂಥ ಧರ್ಮಸಂಕಟ ಇಲ್ಲ. ಸೋಲುತ್ತಿರುವ ಕಡೆಗೂ ಐದರಲ್ಲಿ ಒಂದು ಬ್ಯಾಚ್ ಮೀಸಲಿಡಿ.

ವರದಿಯಲ್ಲಿ ಇರಬೇಕಾದ್ದು: ಫೀಡ್‌ಬ್ಯಾಕ್ ನಿಯಮ, ಗೇನ್, ಮಿತಿಗಳು, ನಾಣ್ಯದ ಫಲಿತಾಂಶಗಳ ಪಟ್ಟಿ, ಬ್ಯಾಚ್‌ವಾರು ಡೋಸ್ ಮತ್ತು ಸ್ಲಂಪ್, ಮರಳಿನ ತೇವ, ನಿಯಮ ಮೀರಿ ಕೈಯಿಂದ ಬದಲಿಸಿದ ಪ್ರತಿ ಸಂದರ್ಭ ಮತ್ತು ಅದರ ಕಾರಣ.

ಉತ್ಪಾದನೆಗೆ ಹಚ್ಚುವ ಮುಂಚೆ ಇಡೀ ನಿಯಮವನ್ನು ಸ್ಪ್ರೆಡ್‌ಶೀಟಿನಲ್ಲಿ ಸುಳ್ಳು ಅಂಕಿಗಳ ಮೇಲೆ ಓಡಿಸಿ. ನಿಜವಾದ ಇಳಿಜಾರು 60 ಇದ್ದರೆ ಏನಾಗುತ್ತದೆ, 240 ಇದ್ದರೆ ಏನಾಗುತ್ತದೆ, 30ನೇ ಬ್ಯಾಚಿನಲ್ಲಿ ಮಟ್ಟ ಒಮ್ಮೆಲೇ 25 ಮಿ.ಮೀ. ಜಿಗಿದರೆ ಎಷ್ಟು ಬ್ಯಾಚಿಗೆ ಸುಧಾರಿಸುತ್ತದೆ, ಈ ಮೂರನ್ನೂ ವಿಳಂಬ ಸೇರಿಸಿ ನೋಡಿ. ಗೇನ್ 0.25 ಇದ್ದು ವಿಳಂಬ ಇಲ್ಲದಿದ್ದರೆ ಆ 25ರಲ್ಲಿ 4 ಬ್ಯಾಚ್ ಕಳೆದ ಮೇಲೆ ಸುಮಾರು 8 ಉಳಿದಿರಬೇಕು. ಹಾಗೆ ಬರದಿದ್ದರೆ ಮೊದಲು ಸೂತ್ರದಲ್ಲಿ ಚಿಹ್ನೆ ಅದಲುಬದಲಾಗಿದೆಯೇ ಎಂದು ಹುಡುಕಿ. ಸಿಮೆಂಟ್ ಬ್ರಾಂಡ್ ಬದಲಾದ ದಿನ ಹಂತ 2ಕ್ಕೆ ಮರಳಿ, 6 ಬ್ಯಾಚ್ ಮತ್ತೆ ಕಲಸಿ.